ಕೀಬೋರ್ಡ್ ಯಾರ ಕೈಯಲ್ಲಿ?

ಅಡುಗೆ ಪುಸ್ತಕ ಓದಿ ಹೋಳಿಗೆ ಕಲಿತವರು ನಮ್ಮಲ್ಲಿ ಎಷ್ಟು ಮಂದಿ ಸಿಕ್ಕಾರು? ಹಿಟ್ಟು ಇಷ್ಟು, ಬೇಳೆ ಇಷ್ಟು, ಬೆಲ್ಲ ಇಷ್ಟು ಎಂದು ಪುಸ್ತಕ ಲೆಕ್ಕ ಕೊಡುತ್ತದೆ. ಕಣಕದ ಹದ ಎಂಥದ್ದು ಎಂಬುದನ್ನು ಮಾತ್ರ ಅದು ಹೇಳಲಾರದು. ಅದು ಬೆರಳಿಗೇ ತಿಳಿಯಬೇಕು. ಅಮ್ಮನ ಪಕ್ಕದಲ್ಲಿ ಹತ್ತು ಯುಗಾದಿ ಕುಳಿತು ನೋಡಿದ ಹುಡುಗಿಯೂ, ತಾನೇ ತಟ್ಟಲು ಕುಳಿತ ದಿನ ಹೂರಣವನ್ನು ಹೊರಗೆ ಬರಿಸಿಕೊಳ್ಳುತ್ತಾಳೆ. ಅವಳ ನಿಜವಾದ ಪಾಠ ಶುರುವಾಗುವುದು ಆ ಗಳಿಗೆಯಲ್ಲಿ. "ನೋಡಿ ಕಲಿ, ಮಾಡಿ ತಿಳಿ" ಎಂದು ನಮ್ಮ ಶಾಲೆಗಳ ಗೋಡೆಯ ಮೇಲೆ ಬರೆಸಿರುತ್ತೇವೆ. ಅದರ ಮೊದಲರ್ಧವನ್ನು ಎಲ್ಲರೂ ಧಾರಾಳವಾಗಿ ಪಾಲಿಸುತ್ತೇವೆ. ಎರಡನೆಯ ಅರ್ಧದ ಹತ್ತಿರ ಬಂದಾಗಲೇ ಸಾಮಾನು ಸಾಲದು, ಹೊತ್ತು ಸಾಲದು, ಮಕ್ಕಳು ಕೆಡಿಸಿಬಿಟ್ಟಾರು ಎಂಬ ನೆಪಗಳು ಹುಟ್ಟಿಕೊಳ್ಳುವುದು.

ನಾನು ಬಿ.ಎ., ಬಿ.ಎಡ್. ಮಾಡಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಕಂಪ್ಯೂಟರ್ ನನ್ನ ವಿಷಯವಲ್ಲ. ಇತಿಹಾಸ ನನ್ನ ವಿಷಯ. ಹಾಗಿದ್ದೂ ಕಂಪ್ಯೂಟರ್ ಪಾಠದ ಇತಿಹಾಸವನ್ನು ನಾನು ಹುಡುಕಿಕೊಂಡು ಓದಬೇಕಾಗಿ ಬಂದದ್ದು ನನ್ನ ತಂಗಿಯ ಮಗಳಿಂದ. ಅವಳು ಕಂಪ್ಯೂಟರ್ ಸೈನ್ಸ್ ಓದಲೆಂದು ಕಾಲೇಜು ಸೇರಿ ಒಂದು ವರ್ಷವೂ ತುಂಬಿರಲಿಲ್ಲ. ರಜೆಗೆ ಬಂದವಳು, "ದೊಡ್ಡಮ್ಮಾ, ಇದು ನನಗೆ ಹತ್ತುವ ವಿದ್ಯೆಯಲ್ಲ, ಬೇರೆ ಏನಾದರೂ ಓದ್ತೀನಿ" ಎಂದಳು. ಎಸ್.ಎಸ್.ಎಲ್.ಸಿ.ಯಲ್ಲೂ ಪಿ.ಯು.ಸಿ.ಯಲ್ಲೂ ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದ ಹುಡುಗಿ! ಥಿಯರಿ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತೇ? ಇಲ್ಲ. ಲ್ಯಾಬ್ ರೆಕಾರ್ಡಿಗೆ ಪೂರ್ತಿ ಅಂಕ. ಅದನ್ನು ತೆಗೆದು ತೋರಿಸಿದಳು. ಮುತ್ತು ಪೋಣಿಸಿದಂಥ ಅಕ್ಷರ, ಸ್ಕೇಲಿಟ್ಟು ಎಳೆದ ಅಂಚು, ಪ್ರತಿ ಪುಟದಲ್ಲೂ ಲೆಕ್ಚರರ್ ಸಹಿ.

"ಮತ್ತೇನಮ್ಮ ಕಷ್ಟ?" ಎಂದೆ.

"ಒಂದು ಸಿಸ್ಟಮ್‌ಗೆ ಮೂರು ಜನ ದೊಡ್ಡಮ್ಮಾ. ಟೈಪ್ ಮಾಡೋದು ಅವನೇ. ಅವನಿಗೆ ಮೊದಲೇ ಗೊತ್ತು, ಬೇಗ ಬೇಗ ಮಾಡ್ತಾನೆ. ನಾನು ರೆಕಾರ್ಡ್ ಬರೀತೀನಿ. ನನ್ನ ಅಕ್ಷರ ಚೆನ್ನಾಗಿದೆ ಅಂತ ಅವರ ರೆಕಾರ್ಡನ್ನೂ ನಾನೇ ಬರೆದುಕೊಟ್ಟೆ."

ಇಡೀ ವರ್ಷ ಲ್ಯಾಬಿನಲ್ಲಿ ಕುಳಿತ ಹುಡುಗಿ ಕೀಬೋರ್ಡ್ ಮುಟ್ಟಿದ್ದು ಬೆರಳೆಣಿಕೆಯಷ್ಟು ಸಲ. ತನಗೆ ಅವಕಾಶ ಸಿಕ್ಕಿಲ್ಲ ಎಂದು ಅವಳಿಗೆ ಅನ್ನಿಸಿರಲಿಲ್ಲ. ತನಗೆ ಬುದ್ಧಿ ಸಾಲದು ಎಂದು ಅನ್ನಿಸಿಬಿಟ್ಟಿತ್ತು. ನನ್ನನ್ನು ಚುಚ್ಚಿದ್ದು ಈ ಮಾತು. ಆಮೇಲೆ ನಾನು ಓದಿ ತಿಳಿದದ್ದೇನೆಂದರೆ, ಕಾಲೇಜುಗಳಲ್ಲಿ ಕಂಪ್ಯೂಟರ್ ಕಲಿಸಲು ಹೊರಟ ದೊಡ್ಡ ದೊಡ್ಡವರೆಲ್ಲ ಎದುರಿಸಿದ್ದು ಇದೇ ಪ್ರಶ್ನೆಯನ್ನು. ಯಂತ್ರ ಎಷ್ಟು ದೊಡ್ಡದು, ಎಷ್ಟು ಬೆಲೆಯದು ಎಂಬುದಕ್ಕಿಂತ ಅದು ಯಾರ ಕೈಗೆ ಸಿಗುತ್ತದೆ ಎಂಬುದೇ ಪ್ರತಿ ಕಾಲದಲ್ಲೂ ಪಾಠದ ಗುಣವನ್ನು ನಿರ್ಧರಿಸಿದೆ.

ಕಥೆಯನ್ನು ಮೊದಲಿನಿಂದ ಹೇಳುತ್ತೇನೆ. 1945ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎನಿಯಾಕ್ ಎಂಬ ಭಾರೀ ಯಂತ್ರ ತಯಾರಾಗುತ್ತಿತ್ತು. ಅದರೊಳಗೆ ಸುಮಾರು 18,000 ನಿರ್ವಾತ ನಳಿಕೆಗಳು. ಒಂದು ದೊಡ್ಡ ಕೋಣೆ ತುಂಬುವಷ್ಟು ಗಾತ್ರ. ಯುದ್ಧಕಾಲದಲ್ಲಿ ಫಿರಂಗಿ ಗುಂಡಿನ ಪಥ ಲೆಕ್ಕ ಹಾಕಲೆಂದು ಸೈನ್ಯ ಕಟ್ಟಿಸುತ್ತಿದ್ದ ಯಂತ್ರವದು. ಅದಕ್ಕೆ ಲೆಕ್ಕ ಒಡ್ಡಿ ಕೊಡಲು ಆರು ಮಂದಿ ಹೆಣ್ಣುಮಕ್ಕಳನ್ನು ಆರಿಸಿದರು. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಸ್, ರೂತ್ ಲಿಕ್ಟರ್‌ಮನ್ ಎಂದು ಅವರ ಹೆಸರು. ವಿಚಿತ್ರ ಕೇಳಿ. ಯಂತ್ರ ಸೈನ್ಯದ ಗುಟ್ಟಾದ್ದರಿಂದ ಮೊದಮೊದಲು ಇವರನ್ನು ಅದರ ಕೋಣೆಯೊಳಗೆ ಬಿಡಲೇ ಇಲ್ಲ! ತಂತಿ ಜೋಡಣೆಯ ನಕ್ಷೆಗಳನ್ನು ಕೈಗೆ ಕೊಟ್ಟು ಇದನ್ನು ನೋಡಿ ಕಲಿಯಿರಿ ಎಂದರು. ಕೈಪಿಡಿ ಇಲ್ಲ, ಗುರು ಇಲ್ಲ, ಯಂತ್ರವೂ ಇಲ್ಲ. ಅವರು ನಕ್ಷೆ ಹರಡಿಕೊಂಡು ಒಬ್ಬರಿಗೊಬ್ಬರು ವಿವರಿಸಿಕೊಳ್ಳುತ್ತ, ಯಂತ್ರ ಕಟ್ಟಿದ ಎಂಜಿನಿಯರುಗಳನ್ನು ಪ್ರಶ್ನೆ ಕೇಳುತ್ತ ಕಲಿತರು. ಒಳಗೆ ಬಿಟ್ಟ ಮೇಲೆ ತಂತಿಗಳನ್ನು ತಾವೇ ಜೋಡಿಸಿ ಯಂತ್ರವನ್ನು ನಡೆಸಿದರು. 1946ರ ಫೆಬ್ರವರಿಯಲ್ಲಿ ಅದನ್ನು ಲೋಕಕ್ಕೆ ತೋರಿಸಿದ ದಿನ ಓಡಿದ್ದು ಇವರು ಸಿದ್ಧಪಡಿಸಿದ ಲೆಕ್ಕ. ಆ ರಾತ್ರಿಯ ಔತಣಕ್ಕೆ ಮಾತ್ರ ಇವರಿಗೆ ಕರೆ ಇರಲಿಲ್ಲ.

ಮೂರು ವರ್ಷ ಕಳೆದ ಮೇಲೆ, 1949ರ ಮೇ 6ರಂದು, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್ಸಾಕ್ ಎಂಬ ಯಂತ್ರ ಕೆಲಸ ಶುರುಮಾಡಿತು. ಅದನ್ನು ಕಟ್ಟಿದ ಮಾರಿಸ್ ವಿಲ್ಕ್ಸ್ ದೊಡ್ಡ ವಿದ್ವಾಂಸ. ಕೆಲವೇ ವಾರಗಳಲ್ಲಿ ಆತನಿಗೆ ಒಂದು ಸತ್ಯ ಹೊಳೆಯಿತು. ತನ್ನ ಉಳಿದ ಆಯುಷ್ಯದ ಬಹುಪಾಲು ತಾನೇ ಬರೆದ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ ಎಂಬುದು. ಈ ಪ್ರಸಂಗವನ್ನು ಆತ ಮುಂದೆ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಕಾಗದದ ಮೇಲೆ ಸರಿಯಾಗಿಯೇ ಕಂಡದ್ದು ಯಂತ್ರಕ್ಕೆ ಹಾಕಿದರೆ ತಪ್ಪಾಗಿರುತ್ತದೆ. ಅಷ್ಟು ದೊಡ್ಡವನಿಗೇ ಹೀಗಾದರೆ ಹದಿನೆಂಟರ ಹುಡುಗ ಹುಡುಗಿಯರ ಪಾಡೇನು? ತಪ್ಪು ಆಗುವುದು ಇಲ್ಲಿ ದಡ್ಡತನದ ಗುರುತಲ್ಲ, ಈ ಕಸುಬಿನ ಗುಣ. ಇದನ್ನು ಮೊದಲ ದಿನವೇ ವಿದ್ಯಾರ್ಥಿಗೆ ಹೇಳಿಕೊಡಬೇಕು. ಹೇಳಿದರಷ್ಟೇ ಸಾಲದು, ತಪ್ಪು ಮಾಡಿ ತಿದ್ದಿಕೊಳ್ಳಲು ಯಂತ್ರವನ್ನೂ ಕೊಡಬೇಕು.

ಯಂತ್ರ ಕೊಡುವುದು ಅಂದಿನ ಕಾಲದಲ್ಲಿ ಸುಲಭವಿರಲಿಲ್ಲ. ಕಂಪ್ಯೂಟರನ್ನು ತಣ್ಣಗಿನ ಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತಿದ್ದರು. ವಿದ್ಯಾರ್ಥಿ ತನ್ನ ಪ್ರೋಗ್ರಾಮನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಸಿ, ಕಟ್ಟು ಕಟ್ಟಿ, ಕಿಂಡಿಯಲ್ಲಿ ಕೊಡಬೇಕು. ಒಳಗಿನ ಆಪರೇಟರ್ ಅದನ್ನು ಸರದಿಯ ಮೇಲೆ ಯಂತ್ರಕ್ಕೆ ತಿನ್ನಿಸುತ್ತಾನೆ. ನಾಳೆ ಬಂದು ನೋಡಿದರೆ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂಬ ಉತ್ತರ! ಅದನ್ನು ತಿದ್ದಿ ಮತ್ತೆ ಕಿಂಡಿಗೆ, ಮತ್ತೆ ನಾಳೆಗೆ. ಬಾವಿಗೆ ಕೊಡ ಇಳಿಸಿ ನೀರು ಬಂತೋ ಇಲ್ಲವೋ ಎಂದು ಮಾರನೆಯ ದಿನ ಹೋಗಿ ನೋಡುವಂಥ ಬದುಕು.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಡಾರ್ಟ್‌ಮತ್ ಎಂಬ ಹಳೆಯ ಕಾಲೇಜಿದೆ. ಅಲ್ಲಿ ಥಾಮಸ್ ಕರ್ಟ್ಜ್ ಎಂಬ ಗಣಿತದ ಮೇಷ್ಟ್ರು 1950ರ ದಶಕದಲ್ಲಿ ಕಾರ್ಡುಗಳ ಪೆಟ್ಟಿಗೆ ಹೊತ್ತುಕೊಂಡು ಬಾಸ್ಟನ್ ಕಡೆಯ ರೈಲು ಹತ್ತುತ್ತಿದ್ದರು. ತಮ್ಮ ಕಾಲೇಜಿನಲ್ಲಿ ಯಂತ್ರವಿಲ್ಲದ ಕಾರಣ ಎಂ.ಐ.ಟಿ.ಗೆ ಹೋಗಿ ಅಲ್ಲಿಯ ಕಂಪ್ಯೂಟರಿನಲ್ಲಿ ಓಡಿಸಿ ಮರಳಬೇಕಿತ್ತು. ಈ ಕಾಯುವಿಕೆಯ ಕಷ್ಟ ಉಂಡವರಾದ್ದರಿಂದಲೇ ಇರಬೇಕು, ವಿದ್ಯಾರ್ಥಿ ಕಾಯಬಾರದು ಎಂಬ ಹಟ ಅವರಿಗೆ ಬಂದದ್ದು. ಅವರ ಜೊತೆಗಾರ ಜಾನ್ ಕೆಮೆನಿ ಹಂಗೇರಿಯಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. ಒಂದು ಕಾಲದಲ್ಲಿ ಐನ್‌ಸ್ಟೈನರಿಗೆ ಗಣಿತದ ಸಹಾಯಕರಾಗಿದ್ದವರು. ಇಬ್ಬರೂ ಸೇರಿ ಯೋಚಿಸಿದ್ದು ಸರಳ. ಕಂಪ್ಯೂಟರ್ ಮನುಷ್ಯನಿಗಿಂತ ಬಲು ಬೇಗ ಕೆಲಸ ಮಾಡುತ್ತದೆ. ಹಾಗಿದ್ದ ಮೇಲೆ ಒಂದೇ ಯಂತ್ರ ಹತ್ತಾರು ಜನರ ನಡುವೆ ಕ್ಷಣ ಕ್ಷಣ ಹಂಚಿಕೊಂಡರೆ ಪ್ರತಿಯೊಬ್ಬರಿಗೂ ಅದು ತನ್ನೊಬ್ಬನದೇ ಎನ್ನಿಸುತ್ತದೆ. ಜೊತೆಗೆ, ಸಾಹಿತ್ಯ ಓದುವವನಿಗೂ ಅರ್ಥವಾಗುವಂಥ ಸುಲಭ ಭಾಷೆ ಬೇಕು. ಹೀಗೆ ಹುಟ್ಟಿದ್ದು ಬೇಸಿಕ್ ಭಾಷೆ. 1964ರ ಮೇ 1ರಂದು ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಆ ಭಾಷೆಯ ಪ್ರೋಗ್ರಾಂ ಅಲ್ಲಿ ಮೊದಲು ಓಡಿತು. ಆ ವ್ಯವಸ್ಥೆಯನ್ನು ಬರೆದು ನಿಲ್ಲಿಸಿದವರಲ್ಲಿ ಪದವಿ ಓದುತ್ತಿದ್ದ ಹುಡುಗರೇ ಮುಖ್ಯರು ಎಂಬುದನ್ನು ಮೇಷ್ಟ್ರಾದವರು ಗಮನಿಸಬೇಕು.

ಅವರ ಪಾಠದ ಕ್ರಮವೂ ಹೊಸದಾಗಿತ್ತು. ಮೊದಲ ವರ್ಷದ ಗಣಿತದ ಜೊತೆಯಲ್ಲೇ ಬೇಸಿಕ್ ಬಗ್ಗೆ ಎರಡು ಮೂರು ಉಪನ್ಯಾಸ. ಆಮೇಲೆ ಮಾತು ಸಾಕು, ಹೋಗಿ ಯಂತ್ರದ ಮುಂದೆ ಕೂರಿ ಎನ್ನುವುದು. ಟೈಪ್ ಮಾಡಿದ ಕೆಲವು ಕ್ಷಣಗಳಲ್ಲಿ ತಪ್ಪೋ ಸರಿಯೋ ತಿಳಿದುಬಿಡುತ್ತಿತ್ತು. ಕೆಮೆನಿಯವರು ಕಂಪ್ಯೂಟರ್ ಕೇಂದ್ರವನ್ನು ತೆರೆದ ಕಪಾಟಿನ ಗ್ರಂಥಾಲಯಕ್ಕೆ ಹೋಲಿಸುತ್ತಿದ್ದರು. ನಮ್ಮ ಊರುಗಳ ಕೆಲವು ಲೈಬ್ರರಿಗಳಲ್ಲಿ ಪುಸ್ತಕಗಳು ಗಾಜಿನ ಹಿಂದೆ ಬೀಗದೊಳಗೆ ಇದ್ದದ್ದನ್ನು ನೀವೂ ಕಂಡಿರುತ್ತೀರಿ. ಚೀಟಿ ಬರೆದು ಕೊಟ್ಟು ಪುಸ್ತಕ ತರಿಸಿಕೊಳ್ಳುವುದಕ್ಕೂ, ನಾವೇ ಕಪಾಟಿನ ಮುಂದೆ ನಿಂತು ತೆಗೆದು ನೋಡಿ ಇಡುವುದಕ್ಕೂ ಇರುವ ವ್ಯತ್ಯಾಸ ಓದುವವರಿಗೆಲ್ಲ ಗೊತ್ತು.

ಆದರೆ ಈ ತೆರೆದ ಕಪಾಟಿಗೂ ಒಂದು ಹೊಸ್ತಿಲಿತ್ತು. ಡಾರ್ಟ್‌ಮತ್ ಆಗ ಗಂಡುಮಕ್ಕಳ ಕಾಲೇಜು. ಪದವಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1972ರಲ್ಲಿ, ಅದೇ ಕೆಮೆನಿಯವರು ಕಾಲೇಜಿನ ಅಧ್ಯಕ್ಷರಾಗಿದ್ದಾಗ. ಎಲ್ಲರಿಗೂ ಕಂಪ್ಯೂಟರ್ ಎಂಬ ಮಾತಿನಲ್ಲಿ ಎಲ್ಲರೂ ಎಂದರೆ ಯಾರು ಎಂದು ಇತಿಹಾಸದ ಮೇಡಂ ಕೇಳದೆ ಬಿಟ್ಟರೆ ಹೇಗೆ?

ಅದೇ ಹೊತ್ತಿಗೆ ಇನ್ನೊಂದು ಕಡೆ ಈ ಪ್ರಶ್ನೆಗೆ ಸದ್ದಿಲ್ಲದೆ ಉತ್ತರ ಸಿದ್ಧವಾಗುತ್ತಿತ್ತು. ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ ಎಂಬ ಕ್ರೈಸ್ತ ಸನ್ಯಾಸಿನಿ 1965ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಅಮೆರಿಕದಲ್ಲಿ ಈ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲಿಗರಲ್ಲಿ ಅವರೊಬ್ಬರು. ಆಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ನನ್ನ ವಯಸ್ಸಿನ ಓದುಗರು ಇದನ್ನು ಇನ್ನೊಮ್ಮೆ ಓದಿಕೊಳ್ಳಲಿ. ದೊಡ್ಡ ವಿಶ್ವವಿದ್ಯಾಲಯದ ಕುರ್ಚಿ ಹುಡುಕಿಕೊಂಡು ಅವರು ಹೋಗಲಿಲ್ಲ. ಅಯೋವಾ ರಾಜ್ಯದ ಡುಬೂಕ್ ಎಂಬ ಊರಿನಲ್ಲಿ ಕ್ಲಾರ್ಕ್ ಕಾಲೇಜ್ ಎಂಬ ಹೆಣ್ಣುಮಕ್ಕಳ ಸಣ್ಣ ಕಾಲೇಜಿತ್ತು. ಅಲ್ಲಿ ಕಂಪ್ಯೂಟರ್ ವಿಭಾಗ ತೆರೆದು ಇಪ್ಪತ್ತು ವರ್ಷ ನಡೆಸಿದರು. ಪದವಿ ತರಗತಿಯವರಿಗೆ ಕಲಿಸುವ ಸಲಕರಣೆಗಾಗಿಯೇ ಸರ್ಕಾರದ ವಿಜ್ಞಾನ ಪ್ರತಿಷ್ಠಾನದಿಂದ 25,000 ಡಾಲರ್ ತಂದರು. ಅವರು ಕೇಳಿದ್ದು ಉಪನ್ಯಾಸದ ಹಾಲಿಗಲ್ಲ, ವಿದ್ಯಾರ್ಥಿನಿಯರು ಮುಟ್ಟುವ ಸಾಮಾನಿಗೆ. ಕೆಲಸಕ್ಕೆ ಹೋಗುವ ತಾಯಂದಿರು ಓದಲು ಬಂದರೆ, ಕೂಸನ್ನೂ ತರಗತಿಗೆ ಎತ್ತಿಕೊಂಡು ಬನ್ನಿ ಎನ್ನುತ್ತಿದ್ದರಂತೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಎನಿಯಾಕ್ ಕಟ್ಟುವ ಕೆಲಸದಲ್ಲಿದ್ದ ಹ್ಯಾರಿ ಹಸ್ಕಿ ಎಂಬ ಪ್ರಾಧ್ಯಾಪಕರು 1963ರಲ್ಲಿ ಕಾನ್ಪುರಕ್ಕೆ ಬಂದಿಳಿದರು. ಅಲ್ಲಿಯ ಐ.ಐ.ಟಿ.ಗೆ ಒಂಬತ್ತು ಅಮೆರಿಕನ್ ವಿಶ್ವವಿದ್ಯಾಲಯಗಳ ನೆರವಿತ್ತು. ಆ ವರ್ಷದ ಆಗಸ್ಟಿನಲ್ಲಿ ಐ.ಬಿ.ಎಂ. 1620 ಎಂಬ ಕಂಪ್ಯೂಟರ್ ಅಲ್ಲಿ ಸ್ಥಾಪನೆಯಾಯಿತು. ಎಚ್.ಕೆ. ಕೇಶವನ್ ಮತ್ತು ವಿ. ರಾಜಾರಾಮನ್ ಅದರ ಸುತ್ತ ಪಾಠ ಕಟ್ಟಿದವರಲ್ಲಿ ಮುಖ್ಯರು. ದೇಶದಲ್ಲಿ ಕಂಪ್ಯೂಟರುಗಳನ್ನು ಎಣಿಸಲು ಎರಡು ಕೈಗಳ ಬೆರಳು ಸಾಕಾಗುತ್ತಿದ್ದ ಕಾಲವದು. ಅಂಥ ಬೆಲೆಬಾಳುವ ವಸ್ತುವನ್ನು ಸಂಶೋಧಕರಿಗಷ್ಟೇ ಮೀಸಲಿಟ್ಟು ಬೀಗ ಹಾಕಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡದೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಲ್ಲ ಪ್ರೋಗ್ರಾಮಿಂಗನ್ನು ಪಾಠವಾಗಿಟ್ಟರು. ಬೇರೆ ಸಂಸ್ಥೆಗಳ ಅಧ್ಯಾಪಕರು, ವಿಜ್ಞಾನಿಗಳನ್ನು ಕರೆಸಿ ಹತ್ತು ದಿನಗಳ ತರಬೇತಿ ಕೊಟ್ಟರು. ಒಂದು ದೀಪದಿಂದ ಹತ್ತು ದೀಪ ಹಚ್ಚಿದಂತೆ ಆ ಹತ್ತು ದಿನಗಳು ದೇಶದ ಎಷ್ಟೋ ಕಾಲೇಜುಗಳಿಗೆ ಮೊದಲ ಕಂಪ್ಯೂಟರ್ ಮೇಷ್ಟ್ರುಗಳನ್ನು ಕೊಟ್ಟವು. ಮುಂದೆ ಇನ್ಫೋಸಿಸ್ ಕಟ್ಟಿದ ನಮ್ಮ ಎನ್.ಆರ್. ನಾರಾಯಣಮೂರ್ತಿಯವರು 1969ರಲ್ಲಿ ಎಂ.ಟೆಕ್. ಮುಗಿಸಿದ್ದು ಈ ಕಾನ್ಪುರದಲ್ಲೇ.

ರಾಜಾರಾಮನ್ ಅವರು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1980ರ ದಶಕದ ಆರಂಭದಲ್ಲಿ ಎಂ.ಸಿ.ಎ. ಎಂಬ ಕೋರ್ಸ್ ನಮ್ಮ ದೇಶದಲ್ಲಿ ಶುರುವಾಗಲು ಅವರ ಶ್ರಮವೂ ಕಾರಣ. ಎಂಜಿನಿಯರಿಂಗ್ ಸೀಟು ಸಿಗದ ಅಥವಾ ಮನೆಯವರು ಕಳಿಸದ ಎಷ್ಟೋ ಬಿ.ಎಸ್‌ಸಿ. ಹುಡುಗಿಯರು ಕಂಪ್ಯೂಟರ್ ಕೆಲಸಕ್ಕೆ ಕಾಲಿಟ್ಟದ್ದು ಈ ಬಾಗಿಲಿನಿಂದ. ನಮ್ಮ ಬೀದಿಯಲ್ಲೇ ಅಂಥ ಇಬ್ಬರಿದ್ದಾರೆ.

ಯಂತ್ರಗಳು ಸಣ್ಣವಾದವು, ಅಗ್ಗವಾದವು. 1980ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಮನೆಗಳಿಗೂ ಬಂದವು. ನಮ್ಮಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಎ.ಸಿ. ಕೋಣೆಗಳಾಗಿ ಕಾಲೇಜುಗಳಲ್ಲಿ ಕಾಣಿಸಿಕೊಂಡವು. ಇನ್ನು ಎಲ್ಲರಿಗೂ ಕೈಗೆ ಸಿಕ್ಕಿತು ಎನ್ನಬೇಕಷ್ಟೆ. ಆದರೆ ಆದದ್ದೇ ಬೇರೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿದ ಹೊಸ ವಿದ್ಯಾರ್ಥಿಗಳಲ್ಲಿ ಹುಡುಗಿಯರು ಶೇಕಡಾ 7 ಮಾತ್ರ. ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಶರ್ ಎಂಬಿಬ್ಬರು ಇದಕ್ಕೆ ಕಾರಣ ಹುಡುಕಲು ಹೊರಟು ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಮಾತನಾಡಿಸಿದರು. ಅವರಿಗೆ ಕಂಡ ಸಂಗತಿಗಳಲ್ಲಿ ಒಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಮನೆಯಲ್ಲಿ ಕಂಪ್ಯೂಟರ್ ಇದ್ದರೂ ಅದು ಹೆಚ್ಚಾಗಿ ಮಗನ ಕೋಣೆಯಲ್ಲಿ ಇರುತ್ತಿತ್ತು! ಮಗ ಬಿಚ್ಚಿ ಜೋಡಿಸಿ ಆಡುತ್ತ ಬೆಳೆಯುತ್ತಿದ್ದ, ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಾಲೇಜಿಗೆ ಬಂದ ದಿನ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರೆ ಅವನು ಹುಟ್ಟು ಜಾಣನಂತೆ, ಇವಳು ದಡ್ಡಿಯಂತೆ ಕಾಣುವುದು ಸಹಜವೇ. ಅವರ ಶೋಧನೆ 2002ರಲ್ಲಿ ಪುಸ್ತಕವಾಗಿ ಬಂತು.

ಅದನ್ನು ಓದಿದ ಸಂಜೆಯೇ ತಂಗಿಗೆ ಫೋನ್ ಮಾಡಿದೆ. "ನಿಮ್ಮ ಮನೆ ಕಂಪ್ಯೂಟರ್ ಎಲ್ಲಿಟ್ಟಿದ್ದೀರೇ?" ಎಂದೆ. "ಇನ್ನೆಲ್ಲಿ ಅಕ್ಕಾ, ಪುಟ್ಟನ ರೂಮಿನಲ್ಲಿ" ಎಂದಳು. ಪುಟ್ಟ ಎಂದರೆ ಒಂಬತ್ತನೆಯ ತರಗತಿಯ ಮಗ. ಕಂಪ್ಯೂಟರ್ ಸೈನ್ಸ್ ಓದುತ್ತಿದ್ದವಳು ಮಗಳು! ಅಲ್ಲಿಟ್ಟದ್ದರ ಹಿಂದೆ ಯಾರ ಕೆಟ್ಟ ಉದ್ದೇಶವೂ ಇರಲಿಲ್ಲ. ಪ್ಲಗ್ ಪಾಯಿಂಟ್ ಅಲ್ಲಿತ್ತು, ಅವನು ಕೇಳಿದ, ಇಟ್ಟರು. ಅವಳು ಕೇಳಲಿಲ್ಲ.

ಕಾರ್ನೆಗಿ ಮೆಲನ್‌ನವರು ಏನು ಮಾಡಿದರು? ಮೊದಲೇ ಪ್ರೋಗ್ರಾಮಿಂಗ್ ಬಲ್ಲವರಿಗೆ ಸೀಟಿನಲ್ಲಿ ಆದ್ಯತೆ ಕೊಡುವುದನ್ನು ಬಿಟ್ಟರು. ಮೊದಲ ಕೋರ್ಸಿಗೆ ಒಂದೇ ಬಾಗಿಲಿರುವ ಬದಲು ವಿದ್ಯಾರ್ಥಿಯ ಅನುಭವಕ್ಕೆ ತಕ್ಕಂತೆ ಬೇರೆ ಬೇರೆ ಬಾಗಿಲು ಮಾಡಿದರು. ನನ್ನಂಥ ಹೈಸ್ಕೂಲ್ ಮೇಷ್ಟ್ರುಗಳನ್ನು ಬೇಸಿಗೆಯಲ್ಲಿ ಕರೆಸಿ ತರಬೇತಿ ಕೊಟ್ಟು, ಹುಡುಗಿಯರು ಯಾಕೆ ಹಿಂದುಳಿಯುತ್ತಾರೆಂದು ವಿವರಿಸಿದರು. 2000ನೇ ಇಸವಿಯ ಹೊತ್ತಿಗೆ ಶೇಕಡಾ 7 ಇದ್ದದ್ದು ಶೇಕಡಾ 42 ಆಯಿತು. ಐದು ವರ್ಷಗಳಲ್ಲಿ ಹೆಣ್ಣುಮಕ್ಕಳ ಮಿದುಳು ಬದಲಾಗಲಿಲ್ಲ. ಕಾಲೇಜಿನ ನಡೆ ಬದಲಾಯಿತು.

ಕ್ಯಾಲಿಫೋರ್ನಿಯಾದ ಹಾರ್ವೆ ಮಡ್ ಎಂಬ ಸಣ್ಣ ಕಾಲೇಜು ಇನ್ನೊಂದು ಉದಾಹರಣೆ. ಮರಿಯಾ ಕ್ಲಾವೆ ಎಂಬ ಗಣಿತಜ್ಞೆ 2006ರಲ್ಲಿ ಅಲ್ಲಿಯ ಅಧ್ಯಕ್ಷೆಯಾದರು. ಮೊದಲ ಕೋರ್ಸಿನಲ್ಲಿ ಕಠಿಣವಾದ ಜಾವಾ ಬಿಟ್ಟು ಪೈಥಾನ್ ಎಂಬ ಸುಲಭ ಭಾಷೆ ಹಿಡಿದರು. ಅನುಭವ ಇಲ್ಲದವರಿಗೊಂದು ತರಗತಿ, ಇರುವವರಿಗೊಂದು ತರಗತಿ ಎಂದು ವಿಂಗಡಿಸಿ, ಹೆಚ್ಚು ಕಡಿಮೆ ಎಂಬ ಭಾವ ಬರದಂತೆ ಕಾಲೇಜಿನ ಬಣ್ಣಗಳಾದ ಚಿನ್ನ, ಕಪ್ಪು ಎಂದು ಹೆಸರಿಟ್ಟರು. ಎಲ್ಲ ಪ್ರಶ್ನೆಗೂ ತಾನೇ ಕೈ ಎತ್ತಿ ಉಳಿದವರ ಬಾಯಿ ಕಟ್ಟುವ ಹುಡುಗನನ್ನು ಮೇಷ್ಟ್ರು ಬದಿಗೆ ಕರೆದು ಮೆಲ್ಲಗೆ ತಿಳಿಹೇಳುವುದೂ ಪಾಠದ ಭಾಗವಾಯಿತು. ಹತ್ತರಲ್ಲೊಬ್ಬಳು ಹುಡುಗಿ ಇದ್ದ ವಿಭಾಗದಲ್ಲಿ ಕೆಲವೇ ವರ್ಷಗಳಲ್ಲಿ ಹತ್ತರಲ್ಲಿ ನಾಲ್ವರು ಹುಡುಗಿಯರಾದರು.

ನಮ್ಮ ಲ್ಯಾಬುಗಳಿಗೆ ತಕ್ಷಣ ಒದಗಬಹುದಾದದ್ದು ಮಾತ್ರ ಇನ್ನೊಂದು ಪದ್ಧತಿ. ಇದಕ್ಕೆ ಒಂದು ರೂಪಾಯಿಯ ಖರ್ಚಿಲ್ಲ. ಕಂಪನಿಗಳಲ್ಲಿ ಬಳಕೆಗೆ ಬಂದಿದ್ದ ಜೋಡಿ ಪ್ರೋಗ್ರಾಮಿಂಗನ್ನು 2000ದ ಆಸುಪಾಸಿನಲ್ಲಿ ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಲಾರಿ ವಿಲಿಯಮ್ಸ್ ಮತ್ತು ಅವರ ಸಂಗಡಿಗರು ಮೊದಲ ಕೋರ್ಸಿನ ಲ್ಯಾಬಿಗೆ ತಂದರು. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲೂ ಲಿಂಡಾ ವರ್ನರ್, ಚಾರ್ಲಿ ಮೆಕ್‌ಡೊವೆಲ್ ಮೊದಲಾದವರು ಇದನ್ನು ಪರೀಕ್ಷಿಸಿ ನೋಡಿದರು. ಒಂದು ಯಂತ್ರಕ್ಕೆ ಇಬ್ಬರು. ಒಬ್ಬರು ಗಾಡಿ ಹೊಡೆಯುವವರು, ಕೀಬೋರ್ಡ್ ಅವರ ಕೈಯಲ್ಲಿ. ಇನ್ನೊಬ್ಬರು ದಾರಿ ಹೇಳುವವರು. ಬಾಯಿಂದ ಹೇಳಬೇಕು, ಕೈ ಹಾಕಕೂಡದು. ಸ್ವಲ್ಪ ಹೊತ್ತಾದ ಮೇಲೆ ಜಾಗ ಬದಲಾಗಲೇಬೇಕು. ಬದಲಾಯಿತೇ ಎಂದು ನೋಡುವುದು ಮೇಷ್ಟ್ರ ಕೆಲಸ. ಹೀಗೆ ಕಲಿತವರು ಕೋರ್ಸನ್ನು ನಡುವೆ ಬಿಟ್ಟುಹೋಗುವುದು ಕಡಿಮೆಯಾಯಿತು. ಹುಡುಗಿಯರಿಗೆ ಧೈರ್ಯ ಬಂತು. ಒಂದು ಯಂತ್ರಕ್ಕೆ ಇಬ್ಬರು ಎಂಬುದು ನಮ್ಮಲ್ಲಿ ಬಡತನದಿಂದ ಆದ ಏರ್ಪಾಡು. ಅಲ್ಲಿ ಅದನ್ನು ಬೇಕೆಂದೇ ಮಾಡಿದರು. ವ್ಯತ್ಯಾಸವೆಲ್ಲ ಇದ್ದದ್ದು ಜಾಗ ಬದಲಿಸುವ ಆ ಒಂದು ನಿಯಮದಲ್ಲಿ.

ಇದನ್ನು ನನ್ನ ತಂಗಿಯ ಮಗಳಿಗೆ ಹೇಳಿದೆ. ಕಾಲೇಜಿಗೆ ಹೋಗಿ ಬ್ಯಾಚಿನವರಿಬ್ಬರ ಹತ್ತಿರ ಮಾತನಾಡಿದಳು. ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲು, ರೆಕಾರ್ಡ್ ಅವರವರದು ಅವರವರೇ ಬರೆಯುವುದು ಎಂದು ತೀರ್ಮಾನವಾಯಿತು. ಮೊದಲ ವಾರ ಅವಳು ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರೆ ಆ ಹುಡುಗ, "ಹೊತ್ತಾಗುತ್ತೆ, ಕೊಡು ಇಲ್ಲಿ" ಎಂದು ಕೈ ಹಾಕಿದನಂತೆ. "ತಪ್ಪು ಎಲ್ಲಿದೆ ಅಂತ ಬಾಯಲ್ಲಿ ಹೇಳು" ಎಂದಳಂತೆ ಇವಳು. ಅವನಿಗೆ ಹೇಳಲು ಬರಲಿಲ್ಲ! ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಇಬ್ಬರೂ ಕೂತು ಹುಡುಕಿದರು. ಅವನಿಗೂ ಅದರಿಂದ ಲಾಭವೇ ಆಯಿತು. ಅವಳು ಕೋರ್ಸ್ ಬಿಡಲಿಲ್ಲ. ರಾತ್ರೋರಾತ್ರಿ ಪಂಡಿತೆಯೂ ಆಗಲಿಲ್ಲ. ಪರದೆಯ ಮೇಲೆ ಕೆಂಪಗೆ ತಪ್ಪು ಕಾಣಿಸಿಕೊಂಡರೆ ಈಗ ಬೆಚ್ಚುವುದಿಲ್ಲ, ಕೂತು ಓದುತ್ತಾಳೆ. ಹಾಲಿಗೆ ಬಂದಿರುವ ಮನೆಯ ಕಂಪ್ಯೂಟರಿಗೆ ಅಕ್ಕ ತಮ್ಮ ಇಬ್ಬರೂ ಜಗಳವಾಡುತ್ತಾರೆಂದು ತಂಗಿ ದೂರುತ್ತಾಳೆ. ಆ ಜಗಳ ನನಗೆ ಸಂತೋಷದ ಸುದ್ದಿ.

ಈಗ ಇನ್ನೊಂದು ತೊಡಕು ಬಂದಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೇಳಿದರೆ ಸಾಕು, ಯಂತ್ರವೇ ಪ್ರೋಗ್ರಾಂ ಬರೆದುಕೊಡುತ್ತದೆ. ಮೊದಲು ಪಕ್ಕದ ಹುಡುಗ ಟೈಪ್ ಮಾಡುತ್ತಿದ್ದ, ಈಗ ಆ ಜಾಗದಲ್ಲಿ ಯಂತ್ರ ಕುಳಿತಿದೆ. ನೋಡುತ್ತ ಕೂರುವವರ ಸಂಖ್ಯೆ ಇದರಿಂದ ಹೆಚ್ಚಾದೀತೇ ಹೊರತು ಕಡಿಮೆಯಾಗದು. ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ನೋಡಲು ಹದ ತಿಳಿದ ಮನುಷ್ಯ ಬೇಕು. ಆ ಹದ ಲ್ಯಾಬಿನಲ್ಲಿ ಸ್ವತಃ ತಪ್ಪು ಮಾಡಿ ತಿದ್ದಿಕೊಂಡವರಿಗೇ ಬರುವುದು. ಅಂದವಾದ ರೆಕಾರ್ಡಿಗೆ ಅಂಕ ಕೊಡುವ ಬದಲು, ಎದುರಿಗೆ ಕೂರಿಸಿ, ಬೇಕೆಂದೇ ಒಂದು ತಪ್ಪು ಸೇರಿಸಿದ ಪ್ರೋಗ್ರಾಂ ಕೊಟ್ಟು, ಇದನ್ನು ಹುಡುಕಿ ತಿದ್ದಮ್ಮ ಎನ್ನುವ ಲೆಕ್ಚರರ್‌ಗಳು ನಮಗೆ ಬೇಕಾಗಿದ್ದಾರೆ. ಅಂಥವರು ಇಲ್ಲದಿಲ್ಲ. ನೂರಾರು ಮಕ್ಕಳು, ಕೆಟ್ಟು ನಿಂತ ಯಂತ್ರಗಳು, ಕೈಕೊಡುವ ಕರೆಂಟು, ಇವುಗಳ ನಡುವೆಯೂ ಹಾಗೆ ಪಾಠ ಮಾಡುವವರಿದ್ದಾರೆ. ಅವರಿಗೆ ಬಲ ಬರಬೇಕಾದರೆ ಕೇಳುವ ತಾಯಿತಂದೆಯರೂ ಇರಬೇಕು.

ಕಾಲೇಜಿನ ಪೋಷಕರ ಸಭೆಗೆ ಹೋದಾಗ ನಾವು ಹಾಜರಾತಿ ಕೇಳುತ್ತೇವೆ, ಅಂಕ ಕೇಳುತ್ತೇವೆ, ಕ್ಯಾಂಪಸ್ ಸೆಲೆಕ್ಷನ್ ಕೇಳುತ್ತೇವೆ. ಇನ್ನು ಮೇಲೆ ಲ್ಯಾಬಿನ ಬಗ್ಗೆಯೂ ಕೇಳೋಣ. ಒಂದು ಯಂತ್ರಕ್ಕೆ ಎಷ್ಟು ಮಕ್ಕಳು, ಅವರಲ್ಲಿ ಜಾಗ ಬದಲಾಗುತ್ತದೆಯೇ, ತರಗತಿ ಮುಗಿದ ಮೇಲೆ ಲ್ಯಾಬ್ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಕೇಳೋಣ. ಮನೆಗೆ ಬಂದ ಮಗಳನ್ನೂ ಒಂದು ಮಾತು ಕೇಳೋಣ: ಇವತ್ತು ಲ್ಯಾಬಿನಲ್ಲಿ ಕೀಬೋರ್ಡ್ ಎಷ್ಟು ಹೊತ್ತು ನಿನ್ನ ಕೈಯಲ್ಲಿತ್ತಮ್ಮ?